ಶೀನಣ್ಣನ ನಾಲ್ಕು ಪೆಟ್ಟು

ಶೀನಣ್ಣ ಇಂಜಿನ್ನಿನ ಕಾಯಿಲೆ ಪತ್ತೆ ಹಚ್ಚುತ್ತಿದ್ದದ್ದು ಮೊಳದುದ್ದದ ಒಂದು ಸ್ಕ್ರೂಡ್ರೈವರಿನಿಂದ. ಅದರ ತುದಿಯನ್ನು ಓಡುತ್ತಿರುವ ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ತಾಗಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಗಂಗೊಳ್ಳಿ ಬಂದರಿನ ಎಷ್ಟೋ ಬೋಟುಗಳು ಆ ಕಿವಿಯನ್ನು ನಂಬಿ ಕಡಲಿಗೆ ಇಳಿಯುತ್ತಿದ್ದವು. "ಇಂಜಿನ್ ಸುಳ್ಳ್ ಹೇಳುದಿಲ್ಲ ಮಾರಾಯ, ನಾವ್ ಕೆಮಿ ಕೊಡ್ಕ್ ಅಷ್ಟೇ" ಎನ್ನುತ್ತಿದ್ದ.

ಅವನ ಶೆಡ್ಡಿನಲ್ಲಿ ದಿನವಿಡೀ ಒಂದೇ ಕ್ಯಾಸೆಟ್ ಓಡುತ್ತಿತ್ತು. ಮುಂಬೈಯ ಹೋಟೆಲಿನಲ್ಲಿ ಕೆಲಸಕ್ಕಿದ್ದಾಗ ಯಾರೋ ಗಿರಾಕಿ ಮೇಜಿನ ಮೇಲೆ ಮರೆತುಹೋದ ಇಂಗ್ಲಿಷ್ ರಾಕ್ ಆಲ್ಬಮ್ ಅದು. ಹೊದಿಕೆ ಇರಲಿಲ್ಲ, ಹೆಸರು ಗ್ರೀಸಿನ ಕೈಗೆ ಅಳಿಸಿಹೋಗಿತ್ತು. ಅವನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಅರ್ಥವಾಗದ್ದನ್ನು ಎಷ್ಟು ಸಲ ಕೇಳುತ್ತೀಯೆಂದು ನಾನು ಗೇಲಿ ಮಾಡಿದ್ದೆ. "ಎಂತ ಹೇಳ್ತ ಗೊತ್ತಿಲ್ಲ. ಆರೆ ಒಬ್ಬ ಉಸಿರ್ ಕಟ್ಟಿ ಕೂಗ್ತಾ ಇದ್ದ, ಅದ್ ತಿಳಿತ್" ಎಂದ. ಕಾಲೇಜು ಮುಗಿಸಿ ಊರು ಸುತ್ತುತ್ತಿದ್ದ ನಾನು ಆ ಹಾಡುಗಳ ಡ್ರಮ್ಮಿನ ಹುಚ್ಚು ಹಿಡಿಸಿಕೊಂಡದ್ದು ಅಲ್ಲಿಯೇ, ಖಾಲಿ ಡೀಸೆಲ್ ಡಬ್ಬಿಯ ಮೇಲೆ ಬಾರಿಸುತ್ತ. ಇವತ್ತಿಗೂ ಮದುವೆ ಆರ್ಕೆಸ್ಟ್ರಾಗಳಲ್ಲಿ ಅದೇ ನನ್ನ ಅನ್ನ.

ಒಂದು ದಿನ ಪ್ಲೇಯರ್ ಆ ಟೇಪನ್ನು ಜಗಿದುಬಿಟ್ಟಿತು. ಕೊನೆಯ ಹಾಡಿನಲ್ಲಿ ಡ್ರಮ್ ಒಂದೇ ಮೊಳಗುವ ಜಾಗ. ಶೀನಣ್ಣ ಹಾಳಾದ ಅರ್ಧ ಗೇಣನ್ನು ಬ್ಲೇಡಿನಲ್ಲಿ ಕತ್ತರಿಸಿದ. ಬೇರೆಯವರಾಗಿದ್ದರೆ ಎರಡು ತುದಿ ಅಂಟಿಸಿ ಸುಮ್ಮನಾಗುತ್ತಿದ್ದರು. ಇವನು ತಾಳ ತಪ್ಪಬಾರದೆಂದು ಅಷ್ಟೇ ಉದ್ದದ ಖಾಲಿ ಟೇಪು ಸೇರಿಸಿದ. ಅಲ್ಲಿ ನಾಲ್ಕು ಪೆಟ್ಟು ಮೌನ. ಆ ಜಾಗ ಬಂದಾಗ ತಾಳ ಹಾಕುವ ಬೆರಳನ್ನು ಎತ್ತಿ ಹಿಡಿದು, ನಾಲ್ಕು ಎಣಿಸಿ, ಮತ್ತೆ ಶುರುಮಾಡುತ್ತಿದ್ದ. "ಸಾಯು ಮೊದಲ್ ಆ ನಾಲ್ಕ್ ಪೆಟ್ಟ್ ಒಂದ್ಸಲ ಕೇಂಬುಕಿತ್ತ್" ಎಂದು ಕೇಳುವ ಆಸೆಯನ್ನು ಎಷ್ಟು ಸಲ ಹೇಳಿಕೊಂಡಿದ್ದನೋ. ಹೆಸರೇ ಗೊತ್ತಿಲ್ಲದ್ದನ್ನು ಎಲ್ಲಿ ಹುಡುಕುವುದೆಂದು ನಾನು ಕೈಚೆಲ್ಲಿದ್ದೆ. ನನ್ನ ಸೋಮಾರಿತನಕ್ಕೆ ಅದೊಂದು ನೆಪ.

ಕಿವಿ ಯಾವಾಗ ಕೈಕೊಟ್ಟಿತೋ, ಅವನು ಯಾರಿಗೂ ಹೇಳಲಿಲ್ಲ. ಅವನು ಸರಿಯಿದೆಯೆಂದ ಇಂಜಿನ್ ನಡುಗಡಲಲ್ಲಿ ನಿಂತು, ಇನ್ನೊಂದು ಬೋಟು ಅದನ್ನು ಎಳೆದು ತಂದ ದಿನ ಎಲ್ಲರಿಗೂ ತಿಳಿಯಿತು. ಯಾರೂ ಬೈಯಲಿಲ್ಲ, ಕರೆಯುವುದನ್ನು ಬಿಟ್ಟರು. ಜೀವಮಾನವಿಡೀ ಕೇಳಿದ ಇಂಜಿನ್ ಸದ್ದೇ ಕಿವಿ ತಿಂದಿದೆಯೆಂದರು ಡಾಕ್ಟರು. ಕಿವಿಯ ಮೆಷಿನ್ ಹಾಕಿದರೂ ಬರೀ ಗುಂಯ್ ಎನ್ನುತ್ತಿತ್ತಂತೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿ, ಎಲುಬಿನ ಮೂಲಕವಾದರೂ ಹಾಡು ಕೇಳೀತೆಂದು ತುದಿಯನ್ನು ಸ್ಪೀಕರಿಗೆ ಒತ್ತಿ ಕೂರುತ್ತಿದ್ದ. ನನಗೆ ನೋಡಲಾಗದೆ ಆ ಕಡೆ ಹೋಗುವುದನ್ನೇ ಕಡಿಮೆ ಮಾಡಿದೆ.

ಹೋದ ವರ್ಷ ಬೈಂದೂರಿನ ಒಂದು ಮದುವೆಯಲ್ಲಿ ಬಿಡುವಿದ್ದಾಗ ಸುಮ್ಮನೆ ಆ ಕೊನೆಯ ಹಾಡಿನ ಡ್ರಮ್ ಬಾರಿಸಿದೆ. ಕೀಬೋರ್ಡಿನವನು ಥಟ್ಟನೆ ಆಲ್ಬಮ್ಮಿನ ಹೆಸರು ಹೇಳಿ, ನನ್ನ ಮೊಬೈಲಿನಲ್ಲಿ ತೆಗೆದೂ ಕೊಟ್ಟ. ಇಷ್ಟು ಸುಲಭವಿತ್ತು. ಮರುದಿನ ಬೆಳಿಗ್ಗೆಯೇ ಗಂಗೊಳ್ಳಿಗೆ ಓಡಿದೆ.

ಶೀನಣ್ಣನ ಅಂಗೈ ಮೇಲೆ ಬೆರಳಿನಿಂದ ನಾಲ್ಕು ಗೀಟು ಎಳೆದೆ. ಅವನಿಗೆ ಅರ್ಥವಾಯಿತು. ಸ್ಕ್ರೂಡ್ರೈವರ್ ತಂದು, ಹಿಡಿಯನ್ನು ಕಚ್ಚಿ, ತುದಿಯನ್ನು ಸ್ಪೀಕರಿಗೆ ಒತ್ತಿದ. ಮೊಬೈಲನ್ನು ಆ ಸ್ಪೀಕರಿಗೆ ಜೋಡಿಸಿ, ದನಿ ಪೂರ್ತಿ ಏರಿಸಿ ಆ ಹಾಡು ಹಾಕಿದೆ. ಅವನ ಬೆರಳು ತೊಡೆಯ ಮೇಲೆ ತಾಳ ಹಾಕತೊಡಗಿತು, ಒಂದು ಪೆಟ್ಟೂ ತಪ್ಪದೆ. ಆ ಜಾಗ ಬಂತು. ಕಳೆದುಹೋಗಿದ್ದ ಪೆಟ್ಟುಗಳು ಶೆಡ್ಡಿನ ತಗಡು ಅದುರುವಂತೆ ಬಿದ್ದವು. ಶೀನಣ್ಣನ ಬೆರಳು ಗಾಳಿಯಲ್ಲಿ ನಿಂತಿತ್ತು. ನಾಲ್ಕು ಎಣಿಸಿ ಮತ್ತೆ ಶುರುವಾಯಿತು.

ಅವನಿಗೆ ಏನೂ ಕೇಳಿರಲಿಲ್ಲ. ತಾಳ ಹಾಕಿದ್ದೆಲ್ಲ ನೆನಪಿನಿಂದ.

ಹಾಡು ಮುಗಿದ ಮೇಲೂ ಬೆರಳು ಕೊಂಚ ಹೊತ್ತು ಆಡುತ್ತಲೇ ಇತ್ತು. ಆಮೇಲೆ ಕಣ್ಣು ತೆರೆದು ನನ್ನ ಮುಖ ನೋಡಿದ. ಅಲ್ಲಿ ಏನು ಕಂಡನೋ, ಸ್ಕ್ರೂಡ್ರೈವರ್ ಕೆಳಗಿಟ್ಟು ನನ್ನ ಬೆನ್ನು ತಟ್ಟಿದ.

"ಸಿಕ್ತ್ ಮಾರಾಯ. ನಾಲ್ಕೂ ಸಿಕ್ತ್."

ಹೌದೆಂದು ತಲೆಯಾಡಿಸಿದೆ. ಮಳೆಗಾಲ ಶುರುವಾಗುವ ಮೊದಲೇ ಶೀನಣ್ಣ ತೀರಿಕೊಂಡ. ಹಾಡು ನನ್ನ ಮೊಬೈಲಿನಲ್ಲಿ ಪೂರ್ತಿ ಇದೆ. ಆ ನಾಲ್ಕು ಪೆಟ್ಟು ಬರುವ ಮೊದಲೇ ನಿಲ್ಲಿಸಿಬಿಡುತ್ತೇನೆ.