ಮಗ್ಗದ ಕುಣಿ ಮುಚ್ಚಿದ ದಿನ

ಡಿಸೆಂಬರ್ ತಿಂಗಳ ಮೊದಲ ಬುಧವಾರ, ಸಂಜೆ ಏಳು ಗಂಟೆ. ಸ್ಥಳ, ನಾರಾಯಣಪೇಟೆಯಲ್ಲಿ ನಾವು ಕೊಂಡ ಹಳೆಯ ಮನೆಯ ಪಡಸಾಲೆ. ಇದ್ದವರು ನಾನು ಮತ್ತು ನನ್ನ ಯಜಮಾನರು, ಇಬ್ಬರೇ. ಪಕ್ಕದ ಮನೆಯ ತುಳಜಮ್ಮ ಬಂದದ್ದು ಆಮೇಲೆ.

ಹೀಗೆ ಶುರು ಮಾಡುವುದು ನನಗೆ ರೂಢಿಯಾಗಿದೆ. ಸರಕಾರಿ ದವಾಖಾನೆಯಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ರಾತ್ರಿ ಪಾಳಿ ಮುಗಿಸಿ ಬೆಳಗಿನವರಿಗೆ ವಾರ್ಡು ಒಪ್ಪಿಸುವಾಗ ಕಂಡದ್ದನ್ನಷ್ಟೇ ಹೇಳಬೇಕು, ಅನಿಸಿದ್ದನ್ನು ಹೇಳಬಾರದು. ಇಲ್ಲಿಯೂ ಕಂಡದ್ದನ್ನಷ್ಟೇ ಬರೆಯುತ್ತೇನೆ. ನಂಬದವರು ನಮ್ಮ ಮನೆಗೆ ಬರಲಿ. ಆ ಕುಣಿಯನ್ನು ತೋರಿಸುತ್ತೇನೆ. ಅದು ಇಂದಿಗೂ ತೆರೆದೇ ಇದೆ...

ಮನೆ ನೇಕಾರರದು. ಪಡಸಾಲೆಯ ನಡುವೆ ಮಗ್ಗದ ಕುಣಿ. ನೇಯುವವರು ಅಂಚಿನ ಮೇಲೆ ಕೂತು, ಕಾಲುಗಳನ್ನು ಕೆಳಗೆ ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಾರಲ್ಲ, ಆ ಕುಣಿ. ಅದರಲ್ಲಿ ಕೊನೆಯದಾಗಿ ಕೂತವರು ವಿಠ್ಠಲಪ್ಪ ಎಂಬ ಹಿರಿಯರು. ಮಗ್ಗದಿಂದ ಏಳುವಾಗ ಜಾರಿ ಬಿದ್ದು ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿತ್ತು. ಈಗ ಗದ್ವಾಲದಲ್ಲಿ ಮಗ ಸೊಸೆಯ ಜೊತೆ ಇದ್ದಾರೆ. ಮನೆ ಕೊಳ್ಳುವಾಗ ಅವರನ್ನು ನೋಡಲು ಹೋಗಿದ್ದೆವು. ನಾನು ಸುಮ್ಮನಿರಲಾರದೆ ಅವರ ಪಾದ ಚಿವುಟಿ ನೋಡಿದ್ದೆ. ಅವರಿಗೆ ಗೊತ್ತೇ ಆಗಲಿಲ್ಲ. ಆ ಕಾಲುಗಳು ಇನ್ನು ಏಳುವುದಿಲ್ಲ ಎಂದು ನನಗೆ ಅಂದೇ ತಿಳಿದಿತ್ತು.

ನಮ್ಮ ಯಜಮಾನರು ಬಸ್ ಮೆಕ್ಯಾನಿಕ್ ಆಗಿದ್ದವರು. ಹಿಂದಿನ ವರ್ಷ ಅವರ ಎದೆಯ ಆಪರೇಷನ್ ಆಗಿತ್ತು. ಭಾರ ಎತ್ತಬಾರದು, ದಣಿಯಬಾರದು ಎಂದು ಡಾಕ್ಟರು ಹೇಳಿದ್ದರು. ಅವರು ಕೇಳಬೇಕಲ್ಲ!

"ಮೇಸ್ತ್ರಿ ಕರಸೋಣ್ರೀ," ಎಂದರೆ, "ಅವ ಬಂದ್ರ ಕೆಲಸಕ್ಕಿಂತ ಚಾನೇ ಹೆಚ್ಚು ಆಕ್ಕೈತಿ. ನಮ್ಮ ಮನಿ, ನಮ್ಮ ಕೈ," ಎನ್ನುವರು. ನಾನು ಮತ್ತೆ ಬಾಯಿ ತೆರೆದರೆ, "ಏ ಸಿಸ್ಟರ್, ರಿಟೈರ್ ಆಗಿ ಕುಂತೀದಿ, ಇನ್ನಾ ವಾರ್ಡ್ ರೌಂಡ್ ಹೊಡೀತೀಯಲ್ಲ!" ಎಂದು ನಗುವರು.

ಅಡಿಗೆಮನೆಗೆ ಸುಣ್ಣ ಬಳಿದದ್ದು ಅವರೇ, ಬಾಗಿಲಿಗೆ ಬಣ್ಣ ಹಚ್ಚಿದ್ದೂ ಅವರೇ. ಮಗ್ಗ ಬಿಚ್ಚಿ, ಅದರ ಕಂಬ, ಅಡ್ಡಪಟ್ಟಿಗಳಿಂದ ಹಿತ್ತಲಲ್ಲಿ ಹೀರೇಕಾಯಿ ಬಳ್ಳಿಗೆ ಹಂದರ ಕಟ್ಟಿದರು. ಗಟ್ಟಿ ಮರ, ಚಂದದ ಹಂದರ. ನನಗೂ ಮೆಚ್ಚುಗೆಯಾಗಿತ್ತು.

ಉಳಿದದ್ದು ಕುಣಿ. ಕತ್ತಲಲ್ಲಿ ಯಾರಾದರೂ ಕಾಲು ಹಾಕಿ ಬಿದ್ದಾರು ಎಂದು ಅದನ್ನು ಮುಚ್ಚಿ ಮೇಲೆ ಫರಸಿ ಕಲ್ಲು ಹಾಸುವುದೆಂದು ನಿಶ್ಚಯ ಮಾಡಿದ್ದೆವು. ಅಂದು ಬೆಳಿಗ್ಗೆ ಕೆತ್ತಿ ತೆಗೆದ ಗಾರೆ, ಒಡಕು ಇಟ್ಟಿಗೆ, ಗರಸು ಮಣ್ಣು ಎಲ್ಲ ಅದರೊಳಗೆ ಸುರಿದೆವು. ಎಲ್ಲಕ್ಕಿಂತ ಮೊದಲು ತಳಕ್ಕೆ ಹಾಕಿದ್ದು ಆ ಎರಡು ತುಳಿಯುವ ಹಲಗೆಗಳನ್ನು. ಹಂದರಕ್ಕೆ ಅವು ಹೊಂದಿರಲಿಲ್ಲ, ಒಲೆಗೆ ಹಾಕಲು ಮನಸ್ಸಿರಲಿಲ್ಲ. ಅಷ್ಟು ಜಾಗ ತುಂಬಿದರೆ ಅಷ್ಟು ಗರಸು ಉಳಿಯುತ್ತದೆ ಎಂದು ನಮ್ಮ ಲೆಕ್ಕ.

ಕಾಂಪೌಂಡಿನ ಆಚೆಯಿಂದ ತುಳಜಮ್ಮ ನೋಡುತ್ತಿದ್ದಳು. ಅವಳೂ ನೇಯ್ದು ಮುದಿಯಾದವಳು.

"ಸಿಸ್ಟರಮ್ಮಾ, ಹಲಗಿ ಯಾಕ ಹೂಳಾಕತ್ತೀರಿ? ಮಗ್ಗ ಬಿಚ್ಚಿದ್ರ ಬಿಚ್ಚಿದ್ರಿ. ಕಾಲ ಹಲಗಿ ನೇದವ್ರ ಕೈಯಾಗ ಕೊಡಬೇಕು. ಅವ್ರು ಇಸ್ಕೊಂಡ್ರ ಕೆಲಸ ಮುಗೀತು ಅಂತ."

"ಗದ್ವಾಲಕ್ಕ ಹೊತ್ಕೊಂಡು ಹೋಗ್ಲೇನು ತುಳಜಕ್ಕ, ಹಲಗಿಗೂ ಬಸ್ ಚಾರ್ಜ್ ಕೊಟ್ಟು?" ಎಂದು ಇವರು ನಕ್ಕರು. ಅವಳು ನಗಲಿಲ್ಲ. ನಾನು... ನಕ್ಕೆ.

ಸಂಜೆಗೆ ತುಂಬಿದ ಮಣ್ಣು ಕುಸಿದು ತಗ್ಗಾಗಿತ್ತು. ಇವರು ನೀರು ಸುರಿದರು. ಮಣ್ಣು ಬಡಿದು ಗಟ್ಟಿ ಮಾಡುವ ಧಮ್ಮಸು ಭಾರ, ಎತ್ತಕೂಡದು ಎಂದು ನಾನು ಅದನ್ನು ಕಸಿದುಕೊಂಡೆ. "ಹಂಗಾದ್ರ ಕಾಲಿಂದ ತುಳೀತೀನಿ ಬಿಡು," ಎಂದು ಕುಣಿಯ ಅಂಚಿನ ಮೇಲೆ ಕೂತು, ಕಾಲು ಇಳಿಬಿಟ್ಟು, ಕೆಸರು ತುಳಿಯತೊಡಗಿದರು. ನಾನು ರೊಟ್ಟಿ ಬಡಿಯಲು ಒಳಗೆ ಹೋದೆ.

ಪಚ್... ಪಚ್... ಎಂದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದಿಗೆ ಒಂದು ಓಟ ಬಂತು. ಒಂದು ಗಟ್ಟಿ, ಒಂದು ಮೆಲ್ಲಗೆ, ನಡುವೆ ಸಣ್ಣ ಎಳೆತ. ನನ್ನ ಕೈಯೂ ಅದೇ ಓಟಕ್ಕೆ ರೊಟ್ಟಿ ಬಡಿಯುತ್ತಿದೆ ಎಂದು ತಿಳಿದು ನಿಲ್ಲಿಸಿದೆ.

ಆಗ ಕೇಳಿಸಿತು. ಪಡಸಾಲೆಯಲ್ಲಿ ಪಚ್ ಎಂದಾಗಲೆಲ್ಲ ಹಿತ್ತಲಿನಿಂದ... ಟಕ್.

ಬ್ಯಾಟರಿ ಹಿಡಿದು ಹಿತ್ತಲಿಗೆ ಹೋದೆ. ಗಾಳಿ ಇರಲಿಲ್ಲ. ಹೀರೇಬಳ್ಳಿಯ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಹಂದರದ ಕಂಬಕ್ಕೆ ಅಂಗೈ ಇಟ್ಟೆ. ಮರದ ಒಳಗಡೆ ಬಡಿತ! ರೋಗಿಯ ಎದೆಯ ಮೇಲೆ ಕೈ ಇಟ್ಟ ಹಾಗೆ. ಕೈ ಹಿಂದೆ ಎಳೆದುಕೊಂಡು ಒಳಗೆ ಓಡಿದೆ.

ಪಡಸಾಲೆಯ ತುಂಬ ಗಂಜಿಯ ಹುಳಿ ವಾಸನೆ. ನೂಲಿಗೆ ಹಚ್ಚುತ್ತಾರಲ್ಲ, ಆ ಗಂಜಿ. ನಮ್ಮ ಮನೆಯಲ್ಲಿ ಗಂಜಿ ಕಾಯಿಸಿದವರು ಯಾರೂ ಇರಲಿಲ್ಲ.

ಇವರ ಕಾಲುಗಳು ತುಳಿಯುತ್ತಲೇ ಇದ್ದವು. ಈಗ ಕೈಗಳೂ ಸೇರಿದ್ದವು. ಬಲಗೈ ಇಲ್ಲದ ಹಗ್ಗವೊಂದನ್ನು ಜಗ್ಗುತ್ತಿತ್ತು, ಎಡಗೈ ಏನನ್ನೋ ಮುಂದೆ ನೂಕಿ ಎದೆಯತ್ತ ಎಳೆದು ಬಡಿಯುತ್ತಿತ್ತು. ಸ್ಪ್ಯಾನರ್ ಬಿಟ್ಟು ಬೇರೆ ಹಿಡಿಯದ ಕೈ ಅದು. ಕಣ್ಣು ತೆರೆದಿತ್ತು, ನೋಟ ಮಾತ್ರ ಎದುರಿನ ಖಾಲಿ ಜಾಗದಲ್ಲಿ ನೂಲಿನ ಎಳೆಗಳನ್ನು ಹುಡುಕುವಂತೆ ಎಡಕ್ಕೂ ಬಲಕ್ಕೂ ಓಡುತ್ತಿತ್ತು.

"ಏನ್ರೀ... ಸಾಕು ಏಳ್ರಿ. ಗುಳಿಗಿ ಹೊತ್ತಾತು."

ಕಾಲು ನಿಲ್ಲಲಿಲ್ಲ. ನಾಡಿ ಹಿಡಿದೆ. ನಿದ್ದೆ ಹೋದವನ ನಾಡಿ. ಇಷ್ಟು ದುಡಿಯುವ ಮೈಯಲ್ಲಿ ಅಷ್ಟು ಶಾಂತ ನಾಡಿಯನ್ನು ನಾನು ಎಂದೂ ಕಂಡಿರಲಿಲ್ಲ. ಕಂಕುಳಿಗೆ ಕೈ ಕೊಟ್ಟು ಎತ್ತಿದೆ. ಎಷ್ಟೋ ರೋಗಿಗಳನ್ನು ಎತ್ತಿ ಕೂಡಿಸಿದ ತೋಳುಗಳು ನನ್ನವು. ಇವರು ಒಂದಿಷ್ಟೂ ಏಳಲಿಲ್ಲ. ನೆಲವೇ ಇವರನ್ನು ಹಿಡಿದುಕೊಂಡಂತಿತ್ತು. ಆಂಬುಲೆನ್ಸಿಗೆ ಫೋನ್ ಮಾಡಿದೆ. ಮಕ್ತಲ್ ಕಡೆ ಹೋಗಿದೆ, ಬರುತ್ತದೆ ಎಂದರು.

ಬಾಗಿಲಲ್ಲಿ ತುಳಜಮ್ಮ ನಿಂತಿದ್ದಳು. ಕರೆಯದೆ ಬಂದಿದ್ದಳು.

"ಸಿಸ್ಟರಮ್ಮಾ... ಮಗ್ಗ ಬಿಚ್ಚೀರಲ್ಲ. ಯಾರು ನೇಯಾಕತ್ತಾರ?"

ಒಳಗೆ ಬಂದು ಇವರ ಕಾಲು ನೋಡಿದಳು. ಸೆರಗು ಬಾಯಿಗೆ ಒತ್ತಿಕೊಂಡಳು.

"ಇದು ವಿಠ್ಠಲಪ್ಪನ ತುಳಿತ. ಎಡಗಾಲು ಹಿಂಗs ಎಳೀತಿದ್ದ. ಈ ಓಣ್ಯಾಗ ಸಪ್ಪಳದ ಮ್ಯಾಲೇ ಯಾರ ಮಗ್ಗದಾಗ ಯಾರು ಕುಂತಾರ ಅಂತ ಹೇಳ್ತೀವಮ್ಮ ನಾವು." ನನ್ನ ಫೋನಿಗೆ ಕೈ ಚಾಚಿದಳು. "ಮುದುಕ ಹೋಗಿಬಿಟ್ಟನೇನೋ..."

ಗದ್ವಾಲಕ್ಕೆ ಫೋನ್ ಹಚ್ಚಿದವಳು ಅವಳೇ. ವಿಠ್ಠಲಪ್ಪನ ಸೊಸೆ ಲಕ್ಷ್ಮಿ ಎತ್ತಿದಳು. ಅಳುತ್ತಿದ್ದಳು.

"ಏಮೈಂದಿ ಲಕ್ಷ್ಮೀ, ಏನಾತು? ಮಾವ..."

"ತುಳಜತ್ತೀ, ಹ್ಯಾಂಗ ಗೊತ್ತಾತು ನಿಮಗ? ನಮ್ಮ ಮಾವಾರ ಕಾಲು ಆಡಾಕತ್ಯಾವ! ನೋಡ್ರಿ, ನೋಡ್ರಿ, ತೋರಸ್ತೀನಿ!"

ಅವಳು ಅಳುತ್ತಿದ್ದದ್ದು ಸಂತೋಷಕ್ಕೆ.

ಫೋನಿನಲ್ಲಿ ಚಿತ್ರ ಬಂತು. ಮಂಚ. ಬದಿಗೆ ಸರಿಸಿದ ಕಂಬಳಿ. ನಾನು ಚಿವುಟಿ ನೋಡಿದ್ದ ಅದೇ ಒಣಗಿದ ಕಾಲುಗಳು ಒಂದಾದ ಮೇಲೊಂದು ಗಾಳಿಯನ್ನು ತುಳಿಯುತ್ತಿದ್ದವು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ನಾನು ತಲೆಯೆತ್ತಿ ಇವರ ಕಾಲು ನೋಡಿದೆ, ಮತ್ತೆ ಫೋನು ನೋಡಿದೆ. ಒಂದೇ ಓಟ. ಒಂದು ಚೂರೂ ಹಿಂದೆ ಮುಂದೆ ಇಲ್ಲ. ಮಂಚದ ಮೇಲೆ ಮುದುಕರ ಮುಖ ಮಗುವಿನ ಹಾಗೆ ಅರಳಿತ್ತು.

ತುಳಜಮ್ಮ ಇಲ್ಲಿಯ ಸ್ಥಿತಿ ಹೇಳಿಬಿಟ್ಟಳು. ಆಮೇಲೆ ಲಕ್ಷ್ಮಿಯ ದನಿ, ತಗ್ಗಿ ಬಂತು.

"ಅಮ್ಮಾರs... ನಿಮ್ಮ ಕಾಲಿಗೆ ಬೀಳ್ತೀನ್ರಿ. ಅವ್ರನ್ನ ಎಬ್ಬಸಬ್ಯಾಡ್ರಿ. ಇನ್ನೊಂದೀಟು ಹೊತ್ತು. ಎರಡು ವರ್ಷ ಆತು ನಾ ಇವ್ರ ಕಾಲು ಒರಸಾಕ ಹತ್ತಿ..."

ಅವಳ ಮಾತು ನನಗೆ ಅರ್ಥವಾಗುತ್ತಿತ್ತು. ಇವರ ಮಣಿಕಟ್ಟು ನನ್ನ ಬೆರಳುಗಳ ನಡುವೆಯೇ ಇತ್ತು. ಶಾಂತವಾಗಿದ್ದ ನಾಡಿ ಆಗ ಒಂದು ಬಡಿತ ತಪ್ಪಿತು. ಸ್ವಲ್ಪ ಬಿಟ್ಟು ಇನ್ನೊಂದು. ತುಟಿ ನೀಲಿಗೆ ತಿರುಗಿತು.

"ಹಲಗಿ ತಗೀಬೇಕು," ಎಂದೆ.

"ತಗದ್ರ ಅಲ್ಲಿ ಮುದುಕಂದು?" ಎಂದಳು ತುಳಜಮ್ಮ.

ಕುಣಿಯ ಬದಿಗೆ ಬೋರಲು ಮಲಗಿ, ಇವರ ಕಾಲುಗಳ ನಡುವೆ ಕೆಸರಿಗೆ ಕೈ ಹಾಕಿದೆ. ಗರಸು ಉಗುರು ಕಿತ್ತಿತು. ಭುಜದವರೆಗೆ ಇಳಿಸಿದಾಗ ಬೆರಳಿಗೆ ಮರ ಸಿಕ್ಕಿತು. ಇಟ್ಟಿಗೆ, ಗಾರೆ, ಅಷ್ಟೆಲ್ಲ ಭಾರದ ಕೆಳಗೆ ಆ ಹಲಗೆ... ಏಳುತ್ತಿತ್ತು, ಇಳಿಯುತ್ತಿತ್ತು. ಏಳುತ್ತಿತ್ತು, ಇಳಿಯುತ್ತಿತ್ತು.

ಮೇಲೆ ಬಂದಾಗ ಹಿಡಿದು ಜಗ್ಗಿದೆ. ಅದು ನನ್ನನ್ನು ಜಗ್ಗಿತು. ತುಳಜಮ್ಮ ನನ್ನ ಸೊಂಟ ಹಿಡಿದು ಕೂತಳು. ಯಾವ ದೇವರನ್ನು ಕರೆದೆನೋ ನೆನಪಿಲ್ಲ. ಒಂದು ಹಲಗೆ ಬಂತು. ಇವರ ಬಲಗಾಲು ನಿಂತಿತು. ನೆಲದ ಮೇಲಿದ್ದ ಫೋನಿನಿಂದ ಲಕ್ಷ್ಮಿ, "ಬ್ಯಾಡ್ರೀ ಅಮ್ಮಾ, ಬ್ಯಾಡ್ರೀ," ಎನ್ನುತ್ತಿದ್ದಳು. ಎರಡನೆಯದನ್ನೂ ಕಿತ್ತೆ.

ಸದ್ದು ನಿಂತಿತು. ಇಲ್ಲಿ, ಹಿತ್ತಲಲ್ಲಿ, ಫೋನಿನಲ್ಲಿ, ಎಲ್ಲ ಕಡೆ ಒಟ್ಟಿಗೆ.

ಇವರು ನನ್ನ ಮೇಲೆ ಒರಗಿದರು. ಫೋನಿನ ಚಿತ್ರದಲ್ಲಿ ವಿಠ್ಠಲಪ್ಪ ತಮ್ಮ ತೊಡೆಯನ್ನು ಅಂಗೈಯಿಂದ ಮೆಲ್ಲಗೆ ತಟ್ಟುತ್ತಿದ್ದರು, ಮಲಗಿದ ಕೂಸನ್ನು ಎಬ್ಬಿಸುವವರ ಹಾಗೆ. ತಟ್ಟಿದರು. ಮತ್ತೆ ತಟ್ಟಿದರು. ನಾನು ನೋಡಲಾರದೆ ಫೋನು ಬೋರಲು ಹಾಕಿದೆ.

ಆಂಬುಲೆನ್ಸ್ ಬಂದಾಗ ಇವರು ಕೂತು ನೀರು ಕುಡಿಯುತ್ತಿದ್ದರು. ಬಿ.ಪಿ. ಸರಿ ಇತ್ತು, ನಾಡಿ ಸರಿ ಇತ್ತು. "ದಣಿದಿದಾರಮ್ಮ, ಮಲಗಿಸ್ರಿ," ಎಂದು ಆಂಬುಲೆನ್ಸಿನವರು ಹೇಳಿ ಹೋದರು. ಆಮೇಲೆ ತುಳಜಮ್ಮ ತನ್ನ ಮನೆಗೆ ಹೋದಳು. ಹಲಗೆಗಳನ್ನು ತಾನು ಒಯ್ಯುತ್ತೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಇವರಿಗೆ ಏನೂ ನೆನಪಿರಲಿಲ್ಲ. ಕೆಸರು ತುಳಿದೆ, ಜೋಂಪು ಹತ್ತಿತು, ಅಷ್ಟೇ ಎಂದರು. ಹೊಟ್ಟೆ ತುಂಬ ಉಂಡರು. ಮಾತ್ರೆ ಕೊಟ್ಟೆ. ಮಂಚದ ಮೇಲೆ ಮೈ ಚಾಚಿ ಛಾವಣಿ ನೋಡುತ್ತ ಹೇಳಿದರು:

"ಏ ಸಿಸ್ಟರ್, ಮೈ ಭಾಳ ಹಗುರ ಆಗೈತಿ ನೋಡು. ನಾಳಿಗೆ ಇನ್ನೊಂದೀಟು ತುಳಿದ್ರ ಮುಗೀತೈತಿ."

"ಏನು ಮುಗೀತೈತ್ರೀ?"

ಅವರು ಯೋಚಿಸಿದರು. ಹಾಗೆಯೇ ನಿದ್ದೆ ಹೋದರು.

ಫೋನು ಮತ್ತೆ ಅಲುಗಿತು. ಲಕ್ಷ್ಮಿ. ಮನೆಯವರು ಯಾರೂ ಕೇಳಬಾರದೆಂದು ಹೊರಗೆ ಬಂದು ಮಾತಾಡುತ್ತಿದ್ದಳೆಂದು ಕಾಣುತ್ತದೆ, ನಾಯಿ ಬೊಗಳುವುದು ಕೇಳುತ್ತಿತ್ತು.

"ಅಮ್ಮಾರs, ನಿಮ್ಮನಿಯವ್ರು ಹ್ಯಾಂಗದಾರ?"

"ಆರಾಮದಾರ."

"ದಿನಾ ಬ್ಯಾಡ್ರಿ..." ಎಂದಳು. "ವಾರಕ್ಕೊಮ್ಮೆ. ಅರ್ಧ ತಾಸು. ನೀವು ನರ್ಸಮ್ಮ ಅದೀರಿ, ನಾಡಿ ಹಿಡಕೊಂಡೇ ಕುಂದ್ರಿಸಬಹುದಲ್ರೀ?"

ರೋಗಿಗಳ ಕಡೆಯವರು ಏನೇ ಕೇಳಿದರೂ ಒಂದು ಉತ್ತರ ಕೊಡುವುದು ನನಗೆ ಬರುತ್ತಿತ್ತು. ಆ ರಾತ್ರಿ ಅದೂ ಬರಲಿಲ್ಲ. ಅವಳೇ ಫೋನ್ ಇಟ್ಟಳು.

ಕೋಣೆಗೆ ಬಂದೆ. ಇವರು ಗಾಢ ನಿದ್ದೆಯಲ್ಲಿದ್ದರು. ಹೊದಿಕೆಯ ಕೆಳಗೆ ಎಡಗಾಲಿನ ಹೆಬ್ಬೆರಳು ಒಮ್ಮೆ ಒತ್ತಿ, ಬಿಟ್ಟಿತು. ಮತ್ತೆ ಒತ್ತಿ... ಬಿಟ್ಟಿತು.

ಔಷಧಿ ಡಬ್ಬಿಯಿಂದ ಅಗಲದ ಬ್ಯಾಂಡೇಜ್ ತೆಗೆದೆ. ಏಳಬಾರದ ರೋಗಿಗಳನ್ನು ಕಟ್ಟುವಂತೆ, ಹಿಮ್ಮಡಿಯ ಮೇಲೆ ಹತ್ತಿ ಸುತ್ತಿ, ಎರಡೂ ಕಾಲುಗಳನ್ನು ಮಂಚಕ್ಕೆ ಕಟ್ಟಿದೆ. ಬೆರಳು ತೂರಿಸಿ ಸಡಿಲ ನೋಡಿದೆ. ಗಂಟು ಸರಿಯಾಗಿತ್ತು. ದೀಪ ಆರಿಸಿದೆ.