ಕ್ಯಾಂಡಿಡೇಟ್ ಅಂದ್ರೆ ಬೆಳ್ಳಗಿರೋನು

ಒಂಬತ್ತನೇ ಕ್ಲಾಸಿಗೆ ಮಾನಿಟರ್ ಆಗಲೇಬೇಕೆಂದು ನಾನು ಹಟ ಹಿಡಿದದ್ದು ಗಂಟೆಯ ಆಸೆಗೆ. ನಮ್ಮ ವಿಜಯನಗರದ ಶಾಲೆಯಲ್ಲಿ ಮನೆಗೆ ಬಿಡುವ ಗಂಟೆ ಹೊಡೆಯುವ ಹಕ್ಕು ಒಂಬತ್ತನೇ ಕ್ಲಾಸಿನ ಮಾನಿಟರನದು. ನಾನು ಹೊಡೆದರೆ ಅದು ಮೈಲಿಗಟ್ಟಲೆ ದೂರದ ಕೆಂಗೇರಿಗೂ ಕೇಳಿಸಿ, ಅಲ್ಲಿನ ಮಕ್ಕಳೂ ಮನೆಗೆ ಓಡಬೇಕು. ಅಷ್ಟೇ ನನ್ನ ಆಸೆ. ಎದುರಾಳಿ ಹೊಸಹಳ್ಳಿಯ ಹುಡುಗ. ಅವರ ಹಿತ್ತಲಲ್ಲಿ ಸೀಬೆಮರವಿತ್ತು. ದಿನಾ ಜೇಬು ತುಂಬ ತಂದು ಕ್ಲಾಸಿಗೆಲ್ಲ ಹಂಚುತ್ತಿದ್ದ. ನನ್ನ ಹತ್ತಿರ ಇದ್ದದ್ದು ಬಾಯಿ ಮಾತ್ರ.

ಚುನಾವಣೆಯ ಹಿಂದಿನ ದಿನ ಇಂಗ್ಲಿಷ್ ಮೇಷ್ಟ್ರು ‘ಕ್ಯಾಂಡಿಡೇಟ್’ ಪದ ಬಿಡಿಸಿದರು. ಲ್ಯಾಟಿನ್ನಿನ ‘ಕ್ಯಾಂಡಿಡಸ್’ ಎಂದರೆ ಹೊಳೆಯುವ ಬಿಳುಪು. ಹಿಂದೆ ರೋಮಿನಲ್ಲಿ ಚುನಾವಣೆಗೆ ನಿಂತವರು ಬಟ್ಟೆಗೆ ಸೀಮೆಸುಣ್ಣ ಉಜ್ಜಿಕೊಂಡು ಓಡಾಡುತ್ತಿದ್ದರಂತೆ. ಈಗ ಪರೀಕ್ಷೆಗೆ ಕೂತವನೂ ಕ್ಯಾಂಡಿಡೇಟೇ, ಕೆಲಸಕ್ಕೆ ಅರ್ಜಿ ಹಾಕಿದವನೂ ಕ್ಯಾಂಡಿಡೇಟೇ. ಬಟ್ಟೆಯ ಬಣ್ಣ ಯಾರೂ ಕೇಳುವುದಿಲ್ಲ.

ಮೇಷ್ಟ್ರು ಹೊರಗೆ ಹೋದದ್ದೇ ತಡ, ಬೆಂಚು ಹತ್ತಿದೆ.

“ಸೀಬೆಕಾಯಿ ಹಂಚೋನು ವ್ಯಾಪಾರಿ ಕಣ್ರೋ! ನಾಳೆ ಯಾರು ಬೆಳ್ಳಗೆ ಬರ್ತಾನೋ ಅವನೇ ಅಸಲಿ ಕ್ಯಾಂಡಿಡೇಟು. ಅವನಿಗೇ ಕೈ ಎತ್ತಿ!”

ಬೆಳಿಗ್ಗೆ ಅಪ್ಪನ ಬಿಳಿ ಜುಬ್ಬಾ ತೊಟ್ಟೆ. ಅದಕ್ಕೆ, ಶೂಗೆ, ಕೊನೆಗೆ ಹುಬ್ಬಿಗೂ ಸೀಮೆಸುಣ್ಣ ಉಜ್ಜಿದೆ.

“ಯಾರೋ ನೀನು? ಗೋಡೆಯೊಳಗಿಂದ ಎದ್ ಬಂದ್ಯಾ?” ಎಂದರು ಅಮ್ಮ.

ಶಾಲೆಯ ಗೇಟಿಗೆ ಬಂದು ನೋಡಿದರೆ ಎಲ್ಲರೂ ಬಿಳಿ ಬಿಳಿ. ಅಂದು ಶನಿವಾರ. ಶನಿವಾರ ಡ್ರಿಲ್, ಇಡೀ ಶಾಲೆಗೆ ಬಿಳಿ ಯೂನಿಫಾರಂ! ಭಾಷಣದ ಅಬ್ಬರದಲ್ಲಿ ಮರೆತೇಬಿಟ್ಟಿದ್ದೆ.

ಕ್ಲಾಸಿನಲ್ಲಿ ಮೇಷ್ಟ್ರು ಯಾರ್ಯಾರು ಕ್ಯಾಂಡಿಡೇಟು ಎಂದು ಕೇಳಿದರು. ನಾನು ಎದ್ದೆ. “ಸಾರ್, ನಾನೂ ಕ್ಯಾಂಡಿಡೇಟು!” ಎಂದು ಹಿಂದಿನ ಬೆಂಚಿನವನೊಬ್ಬ ಎದ್ದ.

“ನಾನೂ ಸಾರ್!” ಎನ್ನುತ್ತ ಕ್ಲಾಸಿಗೆ ಕ್ಲಾಸೇ ಎದ್ದಿತು. ಕೂತೇ ಇದ್ದವನು ಸೀಬೆಕಾಯಿಯ ಹುಡುಗನೊಬ್ಬನೇ. ಬಿಳಿ ಅಂಗಿ ಒಣಗಿರಲಿಲ್ಲವೆಂದು ಅಣ್ಣನ ಗಿಣಿಹಸಿರು ಅಂಗಿಯಲ್ಲಿ ಬಂದಿದ್ದ.

ನಡೆದದ್ದನ್ನೆಲ್ಲ ಕೇಳಿದ ಮೇಷ್ಟ್ರು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. “ಹಂಗಾದ್ರೆ ಎಲ್ಲ ಕ್ಯಾಂಡಿಡೇಟೇ. ಉಳಿದಿರೋ ಓಟರ್ ನೀನೊಬ್ಬ. ಯಾರಿಗೆ ಹಾಕ್ತೀಯೋ?”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಅದೇ ಹೊತ್ತಿಗೆ ನನಗೆ ಸೀನು ಬಂದು, ಮುಂದಿನ ಎರಡು ಬೆಂಚು ಪುಡಿಯಲ್ಲಿ ಮಾಯವಾದವು.

“ಇವನಿಗೇ ಸಾರ್. ಎಲ್ರಿಗಿಂತ ಬೆಳ್ಳಗವ್ನೆ. ಪಾಪ, ಎಷ್ಟೊಂದು ಮೆತ್ಕೊಂಡವ್ನೆ ನೋಡಿ!”

ಆ ಮಧ್ಯಾಹ್ನ ಗಂಟೆ ಹೊಡೆದವನು ನಾನೇ. ಏಟಿಗೊಂದು ಸಲ ತೋಳಿನಿಂದ ಮೋಡ ಎದ್ದಿತು. ಕೆಂಗೇರಿಗೆ ಕೇಳಿಸಿತೆಂದೇ ನನ್ನ ನಂಬಿಕೆ.

“ಸಾಕು ನಿಲ್ಸೋ ಮಗಾ, ಕಿವಿ ಹೋಯ್ತು,” ಎಂದು ಎದುರಾಳಿ ನನ್ನ ಬಾಯಿಗೊಂದು ಸೀಬೆಕಾಯಿ ತುರುಕಿದ. ಅದೂ ಸೀಮೆಸುಣ್ಣದ ರುಚಿಯೇ.