ಭಾವ ಕೂತು ಕೇಳಿದ ಗಿಟಾರ್

ನನ್ನ ಭಾವನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ನಮ್ಮ ಸಭಾಂಗಣದ ಪಿಯಾನೊಗೆ ಮೂವತ್ತು ವರ್ಷಗಳಿಂದ ಶ್ರುತಿ ಮಾಡುವವರು ಅವರೇ. ನಾನು ಅದೇ ಸಭಾಂಗಣದ ಬಾಗಿಲಲ್ಲಿ ಟಿಕೆಟ್ ಹರಿಯುವವನು. ಕಛೇರಿ ನಡೆಯುವಷ್ಟು ಹೊತ್ತೂ ಈ ಮನುಷ್ಯ ಪರದೆಯ ಮರೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾರೆ, ಯಾವ ತಂತಿ ಯಾವಾಗ ಕೈಕೊಡುತ್ತದೋ ಎಂದು. ಅವರನ್ನು ನೋಡಿ ನೋಡಿ ನನಗೇ ತಲೆ ಸುತ್ತುತ್ತದೆ.

ಇಂಥವರ ಮಗಳು ಗಿಟಾರ್ ಹಿಡಿದಳು. ಅಂದಿನಿಂದ ಊಟಕ್ಕೆ ಕೂತರೆ ಅದೇ ಜಗಳ.

"ಪಿಯಾನೊ ಒಂದೇ ಇದ್ರೂ ಇಡೀ ಹಾಲ್ ತುಂಬುತ್ತೆ. ನಿನ್ನ ಗಿಟಾರ್ ಮೂರನೇ ಸಾಲಿಗೇ ಸುಸ್ತಾಗಿಬಿಡುತ್ತೆ," ಎನ್ನುತ್ತಿದ್ದರು ಭಾವ.

"ಮೆಲ್ಲಗಿದ್ರೆ ಜನ ಕಿವಿಗೊಟ್ಟು ಕೇಳ್ತಾರಪ್ಪ. ನೀನು ಒಂದ್ಸಲಾನಾದ್ರೂ ಕೊನೇವರೆಗೆ ಕೂತಿದ್ರೆ ತಾನೇ ಗೊತ್ತಾಗೋದು?"

ಅವಳ ಮಾತು ನಿಜ. ಅವಳ ಐದು ಕಛೇರಿಗಳಲ್ಲಿ ಒಂದರಲ್ಲೂ ಭಾವ ಹತ್ತು ನಿಮಿಷ ನಿಂತಿರಲಿಲ್ಲ. ಅವಳಿಗೆ ಅದು ಒಳಗೊಳಗೇ ಕೊರೆಯುತ್ತಿತ್ತು. ಆರನೆಯದು ನಮ್ಮದೇ ಸಭಾಂಗಣದಲ್ಲಿ, ಮೈಕ್ ಇಲ್ಲದೆ. ಮೊದಲರ್ಧ ಅವಳ ಗಿಟಾರ್, ಆಮೇಲೆ ಇನ್ನೊಬ್ಬರ ಪಿಯಾನೊ; ಅದಕ್ಕೇ ಪಿಯಾನೊ ವೇದಿಕೆಯ ಮೇಲೆ ಅವಳ ಬೆನ್ನ ಹಿಂದೆಯೇ ಇತ್ತು. "ಈ ಸಲಾನೂ ಎದ್ದು ಹೋದ್ರೆ ಇನ್ಮೇಲೆ ನಿನ್ನ ಕರೆಯೋದೇ ಇಲ್ಲ," ಎಂದಿದ್ದಳು. ಅಕ್ಕ ನನ್ನನ್ನು ಭಾವನ ಪಕ್ಕದಲ್ಲೇ ಕಾವಲಿಗೆ ಕೂರಿಸಿದಳು. "ಎದ್ರೆ ಅಂಗಿ ಹಿಡಿದು ಎಳಿ," ಎಂದು ಅಪ್ಪಣೆ ಬೇರೆ.

ಮೊದಲ ಕೃತಿ ಶುರುವಾಯಿತು. ಪ್ರತಿ ಸ್ವರದ ಹಿಂದೆಯೂ ಏನೋ ಗುಂಯ್‌ಗುಡುತ್ತಿತ್ತು, ಒಂದರ ಮೇಲೊಂದು ಕಲಸಿಕೊಳ್ಳುತ್ತಿತ್ತು. ಭಾವ "ನೋಡಿದ್ಯಾ?" ಎಂಬಂತೆ ನನ್ನತ್ತ ಹುಬ್ಬೇರಿಸಿದರು. ಮರುಕ್ಷಣವೇ ಅವರ ಮುಖ ಬಿಳಿಚಿಕೊಂಡಿತು.

"ಅಯ್ಯೋ, ಅದು ಪಿಯಾನೊ ಕಣೋ! ಮಧ್ಯಾಹ್ನ ತಂತಿ ನೋಡೋಕೆ ಪೆಡಲ್‌ಗೆ ಬೆಣೆ ಸಿಕ್ಸಿದ್ದೆ. ತೆಗೆದೇ ಇಲ್ಲ!"

ಪೆಡಲ್ ಒತ್ತಿಯೇ ಇದ್ದರೆ ಪಿಯಾನೊ ತಂತಿಗಳಿಗೆ ಲಗಾಮಿಲ್ಲ. ಎದುರಿಗೆ ಯಾರು ಏನು ನುಡಿಸಿದರೂ ಅವೂ ದನಿಗೂಡಿಸುತ್ತವೆ. ಈಗ ಎದ್ದರೆ ಮಗಳು ಅಪ್ಪ ಹೊರಟೇಹೋದ ಎಂದುಕೊಳ್ಳುತ್ತಾಳೆ. ಏಳದಿದ್ದರೆ ಅವಳ ವಾದನವೆಲ್ಲ ರಾಡಿ. ಭಾವ ಅರ್ಧ ಎದ್ದರು, ನಾನು ಅಂಗಿ ಹಿಡಿದೆ. ಆಮೇಲೆ ನಾನೇ ಬಿಟ್ಟೆ.

ಅವರು ಎದ್ದದ್ದನ್ನು ಅವಳು ನೋಡಿಬಿಟ್ಟಳು. ಬೆರಳು ತಡವರಿಸಿತು. ಹೇಗೋ ಕೃತಿ ಮುಗಿಸಿ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪರದೆಯ ಸಂದಿಯಿಂದ ಭಾವ ಅಂಬೆಗಾಲಿಡುತ್ತಾ ಬಂದು ಪಿಯಾನೊ ಕೆಳಗೆ ನುಸುಳಿದರು. ಜನ ಗೊಳ್ಳೆಂದು ನಕ್ಕರು.

"ಅಪ್ಪಾ, ಏನಿದು?"

"ತಪ್ಪು ನಂದು. ಬೆಣೆ ಮರೆತಿದ್ದೆ. ನಿನ್ನ ಗಿಟಾರಿಂದಲ್ಲ," ಎಂದರು, ಇಡೀ ಸಭೆಗೆ ಕೇಳುವಂತೆ. "ಇನ್ನೊಂದ್ಸಲ ಮೊದಲಿಂದ ನುಡಿಸು."

ಅವಳು ನುಡಿಸಿದಳು. ಭಾವನಿಗೆ ವಾಪಸ್ ಬರಲು ಆಗಲಿಲ್ಲ. ಎದ್ದರೆ ಹಲಗೆ ಕಿರ್ರೆನ್ನುತ್ತದೆ, ಆ ಸಣ್ಣ ದನಿ ಅದರಲ್ಲಿ ಮುಳುಗಿಹೋಗುತ್ತದೆ. ಪಿಯಾನೊ ಕೆಳಗೇ ಚಕ್ಕಳಮಕ್ಕಳ ಹಾಕಿಕೊಂಡು ಕೂತರು. ನಲವತ್ತು ನಿಮಿಷ ಕೈ ಕಾಲು ಆಡಿಸಲಿಲ್ಲ. ಹಿಂದಿನ ಸಾಲಿನವರೂ ಕತ್ತು ಚಾಚಿ ಕೇಳುತ್ತಿದ್ದರು.

ವಿರಾಮದಲ್ಲಿ ಮಗಳು ಓಡಿಬಂದಳು. "ಹೇಗಿತ್ತಪ್ಪ?"

"ಕೊನೇ ಕೃತೀಲಿ ಮೂರನೇ ತಂತಿ ಕೂದಲೆಳೆಯಷ್ಟು ಇಳಿದಿತ್ತು."

ಈ ಮನುಷ್ಯನ ಬಾಯಿಗೆ ಆ ಬೆಣೆಯನ್ನೇ ತುರುಕಬೇಕು ಅನ್ನಿಸಿತು ನನಗೆ. ಅವಳು ಮಾತ್ರ ಕಣ್ಣು ತುಂಬಿಕೊಂಡು ನಗುತ್ತಿದ್ದಳು.

"ಕೊನೇದು ತಾನೇ?" ಎಂದಳು. "ಅಂದ್ರೆ ಕೊನೇವರೆಗೂ ಕೂತಿದ್ದೆ ತಾನೇ ಅಪ್ಪ?"